ಬ್ಯಾರಿ ಬಾಂಡ್ಸ್‌ಗೆ ಬಾಗಿಲು ತೆಗೆಯಿರಿ, ಫಲಕದ ಮೇಲೆ ನಿಜ ಬರೆಯಿರಿ

ಕೂಪರ್ಸ್‌ಟೌನ್‌ನ ಬೇಸ್‌ಬಾಲ್ ಹಾಲ್ ಆಫ್ ಫೇಮ್ ನಿರ್ದೇಶಕ ಮಂಡಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷೆ ಜೇನ್ ಫೋರ್ಬ್ಸ್ ಕ್ಲಾರ್ಕ್ ಅವರಿಗೆ ಮತ್ತು ಮಂಡಳಿಯ ಎಲ್ಲ ಸದಸ್ಯರಿಗೆ,

ನಮಸ್ಕಾರ.

2025ರ ಡಿಸೆಂಬರ್ 7ರಂದು ನಿಮ್ಮ 16 ಜನರ ಸಮಿತಿ ಜೆಫ್ ಕೆಂಟ್ ಅವರನ್ನು, ದೊಡ್ಡ ಆಟಗಾರರ ಫಲಕಗಳಿರುವ ಹಾಲ್ ಆಫ್ ಫೇಮ್‌ಗೆ ಆರಿಸಿತು. ಅವರಿಗೆ 14 ಮತ ಬಿತ್ತು. ಅದೇ ಪಟ್ಟಿಯಲ್ಲಿ ಬ್ಯಾರಿ ಬಾಂಡ್ಸ್ ಹೆಸರೂ ಇತ್ತು, ರಾಜರ್ ಕ್ಲೆಮೆನ್ಸ್ ಹೆಸರೂ ಇತ್ತು. ಸ್ಟೀರಾಯ್ಡ್, ಅಂದರೆ ಮೈಬಲ ಹೆಚ್ಚಿಸುವ ಔಷಧ, ಬಳಸಿದರೆಂಬ ಆರೋಪ ಹೊತ್ತ ಇಬ್ಬರು ದೊಡ್ಡ ಆಟಗಾರರು. ಇಬ್ಬರಿಗೂ ಐದು ಮತ ಕೂಡ ಸಿಗಲಿಲ್ಲ. ನಾಲ್ಕೋ, ಎರಡೋ, ಸೊನ್ನೆಯೋ, ಅದನ್ನೂ ನೀವು ಹೇಳಲಿಲ್ಲ.

ಕೆಂಟ್ ಮತ್ತು ಬಾಂಡ್ಸ್ ಆರು ಸೀಸನ್ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡದಲ್ಲಿ ಜೊತೆಗೆ ಆಡಿದವರು. ಒಬ್ಬರಿಗೊಬ್ಬರು ಆಗುತ್ತಿರಲಿಲ್ಲ. 2002ರಲ್ಲಿ ಆಟಗಾರರು ಕೂರುವ ಡಗ್‌ಔಟ್‌ನಲ್ಲೇ, ಕ್ಯಾಮೆರಾಗಳ ಎದುರೇ ಕೈ ಕೈ ಮಿಲಾಯಿಸಿದ್ದರು. 2000ದಲ್ಲಿ ಅತ್ಯುತ್ತಮ ಆಟಗಾರ ಪ್ರಶಸ್ತಿ ಕೆಂಟ್‌ಗೆ ಬಂತು, ಬಾಂಡ್ಸ್ ಎರಡನೆಯವರಾದರು. ಕೆಂಟ್ ಯೋಗ್ಯರಲ್ಲ ಎಂದು ನಾನು ಹೇಳುತ್ತಿಲ್ಲ. ಎರಡನೇ ಬೇಸ್ ಕಾಯುವವರಲ್ಲಿ ಅವರಷ್ಟು ಹೋಮ್ ರನ್ ಹೊಡೆದವರು ಇನ್ನೊಬ್ಬರಿಲ್ಲ. ಡ್ರಗ್ ಪರೀಕ್ಷೆ ಬಿಗಿಯಾಗಲಿ ಎಂದು ಆಡುತ್ತಿದ್ದಾಗಲೇ ಬಾಯಿಬಿಟ್ಟು ಹೇಳಿದ ಕೆಲವೇ ಜನರಲ್ಲಿ ಅವರೂ ಒಬ್ಬರು. ಆದರೆ ಆ ಕಾಲದ ಜೈಂಟ್ಸ್ ತಂಡದಿಂದ ಕೆಂಟ್ ಒಳಗೆ, ಬಾಂಡ್ಸ್ ಹೊರಗೆ ಅಂದರೆ ಮುಂದೆ ಓದುವವರಿಗೆ ಆ ತಂಡದ ಕಥೆ ಅರ್ಥವಾಗುವುದಾದರೂ ಹೇಗೆ?

ಈ ಪತ್ರ ಕನ್ನಡದಲ್ಲಿದೆ. ನೀವು ಓದುತ್ತೀರಿ ಎಂಬ ಭ್ರಮೆ ನನಗಿಲ್ಲ. ಆದರೆ ಬಹಿರಂಗ ಪತ್ರವನ್ನು ವಿಳಾಸದಾರರಿಗಿಂತ ಪಕ್ಕದಲ್ಲಿ ನಿಂತು ಓದುವವರೇ ಜಾಸ್ತಿ ಓದುತ್ತಾರೆ, ಅಲ್ವಾ? ನಾನಿರುವ ಬೇ ಏರಿಯಾದಲ್ಲಿ ಕನ್ನಡದವರು ಬೇಕಾದಷ್ಟಿದ್ದಾರೆ. ಮನೆಯಲ್ಲಿ ಕ್ರಿಕೆಟ್ ಹಾಕಿಕೊಂಡು, ಶನಿವಾರ ಬೆಳಿಗ್ಗೆ ಮಕ್ಕಳನ್ನು ಲಿಟಲ್ ಲೀಗ್ ಬೇಸ್‌ಬಾಲ್‌ಗೆ ಬಿಡುವ ಅಪ್ಪ ಅಮ್ಮಂದಿರು. ಜೈಂಟ್ಸ್ ಮೈದಾನದಲ್ಲಿ ಈಗಿನ ಆಟ ನೋಡುತ್ತಾ ಬಾಂಡ್ಸ್ ಬಗ್ಗೆ ವಾದ ಮಾಡುವವರು. ಈ ಪತ್ರ ಅವರಿಗೂ ಸೇರಿದ್ದು. ಹಾಗಾಗಿ ನಿಮಗೆ ಗೊತ್ತಿರುವ ಕೆಲವು ವಿಷಯಗಳನ್ನು ಇಲ್ಲಿ ಬಿಡಿಸಿ ಹೇಳಬೇಕಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಹೋಮ್ ರನ್ ಎಂದರೆ ಚೆಂಡನ್ನು ಬೇಲಿಯಾಚೆ ಹೊಡೆಯುವುದು, ಹೆಚ್ಚುಕಡಿಮೆ ನಮ್ಮ ಸಿಕ್ಸರ್. ಬಾಂಡ್ಸ್ 762 ಹೊಡೆದಿದ್ದಾರೆ. ಅದು ಇಡೀ ಬೇಸ್‌ಬಾಲ್ ಚರಿತ್ರೆಯ ದಾಖಲೆ. 2001ರ ಒಂದೇ ಸೀಸನ್‌ನಲ್ಲಿ 73, ಅದೂ ದಾಖಲೆ. ಅತ್ಯುತ್ತಮ ಆಟಗಾರ ಪ್ರಶಸ್ತಿ ಏಳು ಸಲ, ಬೇರೆ ಯಾರಿಗೂ ನಾಲ್ಕು ಸಲ ಬಂದದ್ದಿಲ್ಲ ಅನ್ನುವ ಕಾಲದಲ್ಲಿ. ಕ್ಲೆಮೆನ್ಸ್ ಚೆಂಡು ಎಸೆಯುವವರು: 354 ಗೆಲುವು, 4,672 ಸ್ಟ್ರೈಕ್‌ಔಟ್ (ಎಸೆತದಿಂದಲೇ ಔಟ್ ಮಾಡಿದ್ದು), ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಏಳು ಸಲ. ಅದೂ ಇನ್ಯಾರಿಗೂ ಬಂದಿಲ್ಲ.

ಅಂಕಿಗಳಿಗಿಂತ ನನಗೆ ಇಷ್ಟವಾದದ್ದು 1998ರ ಮೇ ತಿಂಗಳ ಒಂದು ಘಟನೆ. ಅರಿಜೋನ ತಂಡ ಎರಡು ರನ್ ಮುಂದಿತ್ತು. ಕೊನೆಯ ಇನ್ನಿಂಗ್ಸ್, ಇನ್ನೊಬ್ಬ ಔಟಾದರೆ ಆಟ ಮುಗಿಯಿತು. ಮೂರೂ ಬೇಸ್‌ಗಳಲ್ಲಿ ಜೈಂಟ್ಸ್ ಆಟಗಾರರು ನಿಂತಿದ್ದಾರೆ, ಬ್ಯಾಟ್ ಹಿಡಿದು ಬಾಂಡ್ಸ್ ಬಂದರು. ಅರಿಜೋನದ ಮ್ಯಾನೇಜರ್ ಏನು ಮಾಡಿದರು ಗೊತ್ತಾ? ಬೇಕಂತಲೇ ಆಚೆ ಆಚೆ ಎಸೆಸಿ ಬಾಂಡ್ಸ್‌ರನ್ನು ಬೇಸ್‌ಗೆ ನಡೆಸಿದರು. ಬೇಸ್‌ಗಳೆಲ್ಲ ತುಂಬಿದ್ದರಿಂದ ಎಲ್ಲರೂ ಒಂದೊಂದು ಬೇಸ್ ಮುಂದೆ ಸರಿದರು, ಸುಮ್ನೆ ಒಂದು ರನ್ ದಾನ ಕೊಟ್ಟ ಹಾಗಾಯಿತು. ಒಂದು ರನ್ ಹೋದರೆ ಹೋಗಲಿ, ಈ ಮನುಷ್ಯ ಬ್ಯಾಟ್ ಬೀಸುವುದು ಬೇಡ. ಮುಂದಿನವರು ಔಟಾದರು, ಅರಿಜೋನ ಗೆದ್ದಿತು. ಇದು ನಡೆದದ್ದು ಬಾಂಡ್ಸ್ ಮೇಲೆ ಸ್ಟೀರಾಯ್ಡ್ ಅನುಮಾನ ಹುಟ್ಟುವ ಮೊದಲು. ಆ ವರ್ಷದ ಕೊನೆಗೆ ಅವರ ಲೆಕ್ಕದಲ್ಲಿ 411 ಹೋಮ್ ರನ್, 445 ಕದ್ದ ಬೇಸ್ (ಎಸೆಯುವವರ ಕಣ್ಣು ತಪ್ಪಿಸಿ ಮುಂದಿನ ಬೇಸ್‌ಗೆ ಓಡಿದ್ದು), ಮೂರು ಅತ್ಯುತ್ತಮ ಆಟಗಾರ ಪ್ರಶಸ್ತಿ ಇತ್ತು.

ಅಷ್ಟಕ್ಕೇ ನಿಲ್ಲಿಸಿದ್ದರೂ ಹಾಲ್‌ಗೆ ಬರುತ್ತಿದ್ದರು ಎಂದು ಅವರ ಅಭಿಮಾನಿಗಳು ಹೇಳುತ್ತಾರೆ. ನಿಜ, ಆದರೆ ಆ ವಾದ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ನಿಲ್ಲಿಸಲಿಲ್ಲವಲ್ಲ! ಆಮೇಲೆ ನಡೆದದ್ದನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು.

ಆಮೇಲೆ ನಡೆದದ್ದು ಇದು. 2003ರ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದ ಹತ್ತಿರ, ಬರ್ಲಿಂಗೇಮ್‌ನ ಬಾಲ್ಕೊ ಎಂಬ ಕಂಪನಿಯ ಮೇಲೆ ಕೇಂದ್ರ ಸರ್ಕಾರದ ಅಧಿಕಾರಿಗಳು ದಾಳಿ ಮಾಡಿದರು. ಅಲ್ಲಿ ಎರಡು ಮಾಲು ಸಿಕ್ಕಿ ಪ್ರಸಿದ್ಧವಾದವು. ಒಂದು ಮೈಗೆ ಹಚ್ಚುವ ಕ್ರೀಮ್, ಇನ್ನೊಂದು ನಾಲಿಗೆ ಕೆಳಗೆ ಬಿಡುವ ಹನಿ. ಹನಿಯಲ್ಲಿದ್ದ ಟಿಎಚ್‌ಜಿ ಎಂಬ ಸ್ಟೀರಾಯ್ಡ್ ಯಾವ ಪರೀಕ್ಷೆಗೂ ಸಿಗದ ಹಾಗೆ ತಯಾರಾಗಿತ್ತು. ಬಾಂಡ್ಸ್ ಅವರ ತರಬೇತುದಾರ ಗ್ರೆಗ್ ಆಂಡರ್ಸನ್‌ಗೂ ಆ ಕಂಪನಿಗೂ ನಂಟು. ಕೇಸು ಹಾಕಬೇಕೋ ಬೇಡವೋ ಎಂದು ತೀರ್ಮಾನಿಸುವ ಗ್ರ್ಯಾಂಡ್ ಜ್ಯೂರಿ ಮುಂದೆ ಬಾಂಡ್ಸ್ ಹೇಳಿದ್ದು: ಅವನು ಕೊಟ್ಟದ್ದನ್ನು ಬಳಸಿದ್ದು ಹೌದು, ಆದರೆ ಅದು ಅಗಸೆ ಎಣ್ಣೆ ಮತ್ತು ಸಂಧಿವಾತದ ಮುಲಾಮು ಅಂದುಕೊಂಡಿದ್ದೆ. ಅಗಸೆ ಎಣ್ಣೆ! ನಮ್ಮ ಬಿಜಾಪುರ, ಧಾರವಾಡದ ಕಡೆ ದಿನಾ ಅಗಸೆ ಚಟ್ನಿ ತಿನ್ನುವವರು ಯಾರೂ ವರ್ಷಕ್ಕೆ 73 ಹೋಮ್ ರನ್ ಹೊಡೆದದ್ದಿಲ್ಲ. ನಾನು ಆ ಮಾತನ್ನು ನಂಬುವುದಿಲ್ಲ. ನಂಬಿ ಎಂದು ನಿಮಗೂ ಹೇಳುವುದಿಲ್ಲ.

ಆ ಮಾತಿನ ಮೇಲೆ ಬಿದ್ದ ಸುಳ್ಳು ಸಾಕ್ಷಿಯ ಕೇಸು ಎಳೆದು ಎಳೆದು 2011ಕ್ಕೆ ಬಂತು. ಆಂಡರ್ಸನ್ ಸಾಕ್ಷಿ ಹೇಳುವುದಿಲ್ಲ ಎಂದು ಜೈಲಿಗೆ ಹೋದನೇ ವಿನಾ ಬಾಯಿ ಬಿಡಲಿಲ್ಲ. ಕೊನೆಗೆ ನಿಂತದ್ದು ಒಂದೇ ಆರೋಪ, ನ್ಯಾಯಕ್ಕೆ ಅಡ್ಡಿ ಮಾಡಿದರು ಎಂದು. ಅದೂ ಯಾವುದೋ ಪ್ರಶ್ನೆಗೆ ಉತ್ತರ ಕೊಡುವ ಬದಲು ತಾನು ಪ್ರಸಿದ್ಧ ಆಟಗಾರನ ಮಗನಾಗಿ ಬೆಳೆದ ಕಷ್ಟ ಸುಖ ಹೇಳಿಕೊಂಡದ್ದಕ್ಕೆ. 2015ರಲ್ಲಿ ಮೇಲಿನ ಕೋರ್ಟು ಅದನ್ನೂ ತೆಗೆದುಹಾಕಿತು. ಕ್ಲೆಮೆನ್ಸ್ ಅವರದ್ದು ಬೇರೆ ದಾರಿ. ಅವರ ಹಳೆಯ ತರಬೇತುದಾರ ಚುಚ್ಚುಮದ್ದು ಕೊಟ್ಟೆ ಎಂದ, ಇವರು ಇಲ್ಲವೇ ಇಲ್ಲ ಎಂದರು. ಸಂಸತ್ತಿಗೆ ಸುಳ್ಳು ಹೇಳಿದರೆಂಬ ಕೇಸಿನಲ್ಲಿ 2012ರಲ್ಲಿ ಜ್ಯೂರಿ ಅವರನ್ನು ಎಲ್ಲ ಆರೋಪಗಳಿಂದಲೂ ಬಿಡುಗಡೆ ಮಾಡಿತು. ಸ್ಟೀರಾಯ್ಡ್‌ಗಾಗಿ ಈ ಇಬ್ಬರಿಗೂ ಬೇಸ್‌ಬಾಲ್ ಒಂದು ದಿನದ ನಿಷೇಧವನ್ನೂ ಹಾಕಿಲ್ಲ.

ಈಗ ನಿಮ್ಮ ಮನೆಯ ವಿಷಯಕ್ಕೆ ಬರುತ್ತೇನೆ.

1991ರಲ್ಲಿ ಆಗಿನ ಕಮಿಷನರ್, ಅಂದರೆ ಲೀಗ್‌ನ ಮುಖ್ಯಸ್ಥ, ಫೇ ವಿನ್ಸೆಂಟ್ ಎಲ್ಲ ತಂಡಗಳಿಗೂ ಒಂದು ಸುತ್ತೋಲೆ ಕಳಿಸಿದರು. ಸ್ಟೀರಾಯ್ಡ್ ಸೇರಿ ಅಕ್ರಮ ಔಷಧ ಯಾವುದೂ ಬಳಸುವಂತಿಲ್ಲ ಎಂದು. ವೈದ್ಯರ ಚೀಟಿ ಇಲ್ಲದೆ ಸ್ಟೀರಾಯ್ಡ್ ಇಟ್ಟುಕೊಳ್ಳುವುದು ದೇಶದ ಕಾನೂನಿನ ಪ್ರಕಾರವೂ ಅಪರಾಧವಾಗಿತ್ತು. ಹಾಗಾಗಿ ‘ಆಗ ನಿಯಮವೇ ಇರಲಿಲ್ಲ’ ಎಂದು ಹೇಳುವವರ ಜೊತೆ ನಾನಿಲ್ಲ. ತಪ್ಪು ಅಂತ ಎಲ್ಲರಿಗೂ ಗೊತ್ತಿತ್ತು. ಇಲ್ಲದೇ ಇದ್ದದ್ದು ಪರೀಕ್ಷೆ. 2003ರವರೆಗೆ ಒಬ್ಬನೇ ಒಬ್ಬ ಆಟಗಾರನ ಮೂತ್ರವನ್ನೂ ಸ್ಟೀರಾಯ್ಡ್‌ಗಾಗಿ ಎಲ್ಲರಿಗೂ ಅನ್ವಯಿಸುವ ಹಾಗೆ ಲೀಗ್ ಪರೀಕ್ಷಿಸಲಿಲ್ಲ. ಆಟಗಾರರ ಸಂಘ ಬೇಡ ಅಂತಿತ್ತು. ತಂಡದ ಮಾಲೀಕರು ಜೋರು ಮಾಡಲಿಲ್ಲ. 2003ರಲ್ಲಿ ಹೆಸರು ಗುಟ್ಟಾಗಿಟ್ಟು ಸಮೀಕ್ಷೆಗೆಂದು ಪರೀಕ್ಷಿಸಿದಾಗ ನೂರಕ್ಕೆ ಐದಕ್ಕಿಂತ ಹೆಚ್ಚು ಸಿಕ್ಕಿಬಿತ್ತು. ಆಮೇಲೆಯೇ ಕಡ್ಡಾಯ ಪರೀಕ್ಷೆ ಬಂದದ್ದು. ಮೊದಲ ತಪ್ಪಿಗೆ 2005ರಲ್ಲಿ 10 ದಿನ, 2006ರಿಂದ 50 ಪಂದ್ಯ, ಈಗ 80 ಪಂದ್ಯ ನಿಷೇಧ.

ಮಾಲೀಕರು ಯಾಕೆ ಜೋರು ಮಾಡಲಿಲ್ಲ? 1994ರಲ್ಲಿ ಆಟಗಾರರ ಮುಷ್ಕರ ನಡೆದು ವರ್ಷದ ಕೊನೆಯ ಫೈನಲ್ ಆದ ವರ್ಲ್ಡ್ ಸೀರೀಸೇ ರದ್ದಾಯಿತು. ಜನ ಮುನಿಸಿಕೊಂಡು ಮೈದಾನದ ಕಡೆ ತಲೆ ಹಾಕಲಿಲ್ಲ. ಅವರನ್ನು ವಾಪಸ್ ಕರೆತಂದದ್ದು 1998ರ ಬೇಸಿಗೆ. ಸೇಂಟ್ ಲೂಯಿಸ್‌ನ ಮಾರ್ಕ್ ಮಗ್ವಾಯರ್, ಶಿಕಾಗೊದ ಸ್ಯಾಮಿ ಸೋಸಾ ಇಬ್ಬರೂ ಒಂದೇ ಸೀಸನ್‌ನಲ್ಲಿ 61 ಹೋಮ್ ರನ್ ಎಂಬ ರಾಜರ್ ಮ್ಯಾರಿಸ್ ದಾಖಲೆಯ ಬೆನ್ನು ಹತ್ತಿದರು. ಒಬ್ಬರು 70, ಇನ್ನೊಬ್ಬರು 66. ಇಡೀ ದೇಶ ರಾತ್ರಿ ಎದ್ದು ಕೂತು ನೋಡಿತು. ಆಗಸ್ಟ್‌ನಲ್ಲಿ ಒಬ್ಬ ಪತ್ರಕರ್ತ ಮಗ್ವಾಯರ್ ಲಾಕರ್‌ನಲ್ಲಿ ಆಂಡ್ರೊಸ್ಟೆನ್‌ಡಯೋನ್ ಎಂಬ ಔಷಧದ ಬಾಟಲಿ ನೋಡಿ ವರದಿ ಮಾಡಿದ. ಒಲಿಂಪಿಕ್ಸ್‌ನಲ್ಲಿ ಅದಕ್ಕೆ ನಿಷೇಧವಿತ್ತು, ಬೇಸ್‌ಬಾಲ್‌ನಲ್ಲಿ ಇರಲಿಲ್ಲ, ಅಂಗಡಿಯಲ್ಲಿ ಆರಾಮಾಗಿ ಸಿಗುತ್ತಿತ್ತು. ಸುದ್ದಿ ಬಂದ ಮೇಲೆ ಬೈಗುಳ ತಿಂದದ್ದು ಬಾಟಲಿ ಇಟ್ಟವರಲ್ಲ, ಬಾಟಲಿ ನೋಡಿದವನು. ಮಗ್ವಾಯರ್ ಸ್ಟೀರಾಯ್ಡ್ ಬಳಸಿದ್ದನ್ನು ಒಪ್ಪಿಕೊಳ್ಳಲು 2010ರವರೆಗೆ ಕಾಯಬೇಕಾಯಿತು.

ಆ ಕಾಲದ ಕಮಿಷನರ್ ಬಡ್ ಸೀಲಿಗ್ ಅವರ ಕಂಚಿನ ಫಲಕ 2017ರಿಂದ ನಿಮ್ಮ ಗ್ಯಾಲರಿಯಲ್ಲಿದೆ. ಓಕ್ಲೆಂಡ್‌ನಲ್ಲೂ ಸೇಂಟ್ ಲೂಯಿಸ್‌ನಲ್ಲೂ ಮಗ್ವಾಯರ್‌ಗೆ ಮ್ಯಾನೇಜರ್ ಆಗಿದ್ದ ಟೋನಿ ಲಾರೂಸಾ 2014ರಿಂದ ಇದ್ದಾರೆ. ಇದು ನನಗೆ ಜೀರ್ಣವಾಗುವುದಿಲ್ಲ. ಕಲಬೆರಕೆ ಎಣ್ಣೆಯಲ್ಲಿ ಬಜ್ಜಿ ಕರಿಸಿ ಗಲ್ಲಾ ತುಂಬಿಸಿಕೊಂಡ ಹೋಟೆಲ್ ಮಾಲೀಕರಿಗೆ ಶಾಲು ಹೊದಿಸಿ, ಅಡುಗೆ ಭಟ್ಟರನ್ನು ಮಾತ್ರ ಊರಾಚೆ ನಿಲ್ಲಿಸಿದ ಹಾಗಿದೆ. ಬೇಸ್‌ಬಾಲ್‌ನ ಸ್ಟೀರಾಯ್ಡ್ ಬಳಕೆ ಬಗ್ಗೆ 2007ರ ಡಿಸೆಂಬರ್‌ನಲ್ಲಿ ಬಂದ ಮಾಜಿ ಸೆನೆಟರ್ ಜಾರ್ಜ್ ಮಿಚೆಲ್ ಅವರ ವರದಿ 89 ಆಟಗಾರರ ಹೆಸರು ಹೇಳಿತು, ಕ್ಲೆಮೆನ್ಸ್ ಮತ್ತು ಬಾಂಡ್ಸ್ ಸೇರಿ. ಅದೇ ವರದಿ ಕಮಿಷನರ್‌ಗಳು, ತಂಡದವರು, ಆಟಗಾರರ ಸಂಘ, ಆಟಗಾರರು ಎಲ್ಲರಿಗೂ ಇದರಲ್ಲಿ ಪಾಲಿದೆ ಎಂದೂ ಹೇಳಿತು. ಹಳೆಯದಕ್ಕೆಲ್ಲ ಶಿಕ್ಷೆ ಕೊಡುತ್ತಾ ಕೂರಬೇಡಿ, ಮುಂದಿನದ್ದು ನೋಡಿ ಎಂಬುದೂ ಅದರ ಸಲಹೆಯೇ. ನೀವು ಹೆಸರುಗಳನ್ನು ಮಾತ್ರ ನೆನಪಿಟ್ಟುಕೊಂಡಿರಿ.

ಹಾಗಂತ ಇನ್ನೊಂದು ಕಡೆಯ ಮಾತು ಸಣ್ಣದಲ್ಲ. ಬಾಂಡ್ಸ್ ಪರ ಮಾತಾಡುವವರು ಇಲ್ಲಿ ಬೇಗ ಬೇಗ ಹೆಜ್ಜೆ ಹಾಕಿ ದಾಟಿಬಿಡುತ್ತಾರೆ. ನನಗೆ ಹಾಗೆ ದಾಟಲು ಮನಸ್ಸಿಲ್ಲ.

ಫ್ರೆಡ್ ಮಗ್ರಿಫ್ ಎಂಬ ಆಟಗಾರ ಇದ್ದರು. ಅವರ ಮೇಲೆ ಯಾರೂ ಬೆರಳು ತೋರಿಸಿದ್ದಿಲ್ಲ. 493 ಹೋಮ್ ರನ್. 1992ರಲ್ಲಿ 35 ಹೊಡೆದು ತಮ್ಮ ಲೀಗ್‌ಗೇ ಮೊದಲಿಗರಾದರು. ಹತ್ತು ವರ್ಷ ಕಳೆಯುವುದರಲ್ಲಿ 35 ಎಂದರೆ ‘ಓ, ಪರವಾಗಿಲ್ಲ’ ಅನ್ನುವ ಅಂಕಿಯಾಯಿತು. ಸುತ್ತಲಿನವರು 60, 70 ಹೊಡೆಯುತ್ತಿದ್ದಾಗ ಇವರು ಕಾಣಿಸಲೇ ಇಲ್ಲ. ಹತ್ತು ವರ್ಷ ಪತ್ರಕರ್ತರ ಮತಪತ್ರದಲ್ಲಿದ್ದರೂ ನೂರಕ್ಕೆ 40 ಮತ ದಾಟಲಿಲ್ಲ. 2022ರ ಡಿಸೆಂಬರ್‌ನಲ್ಲಿ ನಿಮ್ಮ ಸಮಿತಿ 16ಕ್ಕೆ 16 ಮತ ಕೊಟ್ಟು ಒಳಗೆ ಕರೆಯಿತು. ಒಳ್ಳೆಯದಾಯಿತು. ಆದರೆ ಮಗ್ರಿಫ್ ಕೊನೆಗಾದರೂ ಗೆದ್ದವರು. ಹೆಸರೇ ಇಲ್ಲದವರ ಕಥೆ? ಚಿಕ್ಕ ಲೀಗ್‌ಗಳಲ್ಲಿ ಬಸ್ಸಿನಲ್ಲಿ ಊರೂರು ಸುತ್ತುತ್ತಾ, ಸೂಜಿ ಚುಚ್ಚಿಕೊಳ್ಳಲು ಒಪ್ಪದೆ, ಚುಚ್ಚಿಕೊಂಡವನಿಗೆ ತನ್ನ ಜಾಗ ಬಿಟ್ಟುಕೊಟ್ಟು ಮನೆಗೆ ಹೋದ ಹುಡುಗರು. ಅವರಿಗೆ ಯಾವ ಸಮಿತಿಯೂ ಇಲ್ಲ. ಬಾಂಡ್ಸ್ ಹೇಗಿದ್ದರೂ ದೊಡ್ಡ ಆಟಗಾರರೇ. ಸ್ಟೀರಾಯ್ಡ್ ನಿಜವಾಗಿ ಬದುಕು ತಿರುಗಿಸಿದ್ದು ಕೆಳಗಿನ ಮೆಟ್ಟಿಲಲ್ಲಿದ್ದವರದ್ದು.

ಕೆನ್ ಕ್ಯಾಮಿನಿಟಿ 1996ರ ಅತ್ಯುತ್ತಮ ಆಟಗಾರ. ಆ ವರ್ಷ ಸ್ಟೀರಾಯ್ಡ್ ತಗೊಂಡಿದ್ದೆ ಎಂದು 2002ರಲ್ಲಿ ಅವರೇ ಹೇಳಿದರು. 2004ರಲ್ಲಿ ತೀರಿಕೊಂಡಾಗ 41 ವರ್ಷ. ಅವರ ಸಾವಿಗೆ ಬೇರೆ ಮಾದಕ ವಸ್ತು ಕಾರಣ, ಸ್ಟೀರಾಯ್ಡೇ ಕೊಂದಿತು ಎಂದು ನಾನು ಹೇಳಲಾರೆ. 2005ರ ಮಾರ್ಚ್ 17ರಂದು ಸಂಸತ್ತಿನ ಸಮಿತಿ ಆಟಗಾರರನ್ನು ಕರೆಸಿ ವಿಚಾರಿಸಿತಲ್ಲ, ಅವತ್ತು ಆಟಗಾರರಿಗಿಂತ ಮೊದಲು ಮಾತಾಡಿದವರಲ್ಲಿ ಮಕ್ಕಳನ್ನು ಕಳೆದುಕೊಂಡ ತಂದೆ ತಾಯಂದಿರೂ ಇದ್ದರು. ದೊಡ್ಡ ಆಟಗಾರರ ಹಾಗೆ ಆಗಬೇಕೆಂದು ಸ್ಟೀರಾಯ್ಡ್ ಹಿಡಿದು, ಮನಸ್ಸು ಕೆಟ್ಟು, ಪ್ರಾಣ ಕಳೆದುಕೊಂಡ ಹುಡುಗರ ಮನೆಯವರು. ಅದಾದ ಮೇಲೆ ರಫಾಯಲ್ ಪಾಲ್ಮೇರೊ ಎಂಬ ಆಟಗಾರ ಬೆರಳು ತೋರಿಸಿ, ನಾನು ಯಾವತ್ತೂ ಸ್ಟೀರಾಯ್ಡ್ ಮುಟ್ಟಿಲ್ಲ ಎಂದು ಗಟ್ಟಿಯಾಗಿ ಹೇಳಿದರು. ಅದೇ ಆಗಸ್ಟ್‌ನಲ್ಲಿ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಸುದ್ದಿ ಬಂತು.

ನಿಮ್ಮ ಉಪಾಧ್ಯಕ್ಷರಾಗಿದ್ದ ಜೋ ಮಾರ್ಗನ್ 2017ರ ನವೆಂಬರ್‌ನಲ್ಲಿ ಮತದಾರರಿಗೆ ಪತ್ರ ಬರೆದದ್ದು ಇದೇ ಸಿಟ್ಟಿನಿಂದ. ಪರೀಕ್ಷೆಯಲ್ಲಿ ಸಿಕ್ಕಿದವರು, ತಾವೇ ಒಪ್ಪಿಕೊಂಡವರು, ಮಿಚೆಲ್ ವರದಿಯಲ್ಲಿ ಬಳಸಿದವರೆಂದು ಹೆಸರು ಬಂದವರು, ಈ ಮೂರು ಬಗೆಯವರೂ ಬೇಡ ಎಂದರು. ಆ ಪತ್ರದ ಜೊತೆ ನನಗೆ ಜಗಳವಿದೆ, ಆದರೆ ಗೌರವವೂ ಇದೆ. ಮಾರ್ಗನ್ ಕಡೇಪಕ್ಷ ಗೆರೆ ಎಲ್ಲಿ ಎಂದು ಹೇಳಿದರು. ಮಂಡಳಿಯಾಗಿ ನೀವು ಇವತ್ತಿನವರೆಗೂ ಹೇಳಿಲ್ಲ.

ನನ್ನ ದೂರು ಇದೇ. ನಿಮ್ಮ ಮತದಾನದ ನಿಯಮದಲ್ಲಿ ಒಂದು ಸಾಲಿದೆ: ಆಟದ ದಾಖಲೆ, ಸಾಮರ್ಥ್ಯದ ಜೊತೆಗೆ ಪ್ರಾಮಾಣಿಕತೆ, ಕ್ರೀಡಾ ಮನೋಭಾವ, ನಡತೆಯನ್ನೂ ನೋಡಬೇಕು ಎಂದು. ಆ ಒಂದು ಸಾಲನ್ನು ಪತ್ರಕರ್ತರ ಕೈಗೆ ಕೊಟ್ಟು ನೀವು ಪಕ್ಕಕ್ಕೆ ಸರಿದಿರಿ. ಬೇಸ್‌ಬಾಲ್ ಪತ್ರಕರ್ತರ ಸಂಘದಲ್ಲಿ ಹತ್ತು ವರ್ಷ ಸದಸ್ಯರಾಗಿದ್ದವರು ಮತ ಹಾಕುತ್ತಾರೆ, ನೂರಕ್ಕೆ 75 ಬೇಕು. ಬಾಂಡ್ಸ್ 2013ರಲ್ಲಿ 36.2ರಿಂದ ಶುರುಮಾಡಿ 2022ರಲ್ಲಿ 66ಕ್ಕೆ ಬಂದರು. ಕ್ಲೆಮೆನ್ಸ್ 65.2. ಅಲ್ಲಿಗೆ ಪತ್ರಕರ್ತರ ಮತಪತ್ರದಲ್ಲಿ ಇರಬಹುದಾದ ಹತ್ತು ವರ್ಷದ ಗಡುವು ಮುಗಿಯಿತು, ಉಳಿದದ್ದು ನಿಮ್ಮ 16 ಜನರ ಸಮಿತಿಯ ದಾರಿ ಮಾತ್ರ. ಆ ಗಡುವು ಮೊದಲು 15 ವರ್ಷ ಇತ್ತು. 2014ರಲ್ಲಿ ನೀವೇ ಹತ್ತಕ್ಕೆ ಇಳಿಸಿದ್ದು. ಇವರಿಗೋಸ್ಕರ ಇಳಿಸಿದಿರಿ ಎಂದು ನಾನು ಹೇಳುವುದಿಲ್ಲ, ಆದರೆ ಪೆಟ್ಟು ಬಿದ್ದದ್ದು ಇವರಿಗೆ.

ಅದೇ 2022ರಲ್ಲಿ, ಅದೇ ಮತಪತ್ರದಲ್ಲಿ, ಡೇವಿಡ್ ಓರ್ಟಿಜ್ ಮೊದಲ ಸಲಕ್ಕೇ 77.9 ಪಡೆದು ಗೆದ್ದರು. 2003ರ ಗುಟ್ಟಿನ ಪರೀಕ್ಷೆಯಲ್ಲಿ ಸಿಕ್ಕಿದವರ ಪಟ್ಟಿಯಲ್ಲಿ ಅವರ ಹೆಸರಿದೆ ಎಂದು 2009ರಲ್ಲಿ ಪತ್ರಿಕೆಯಲ್ಲಿ ಬಂದಿತ್ತು. ಅವರು ಅಲ್ಲಗಳೆದರು. ಆ ಪಟ್ಟಿಯ ಕೆಲವು ಫಲಿತಾಂಶ ನಂಬುವಂತಿಲ್ಲ ಎಂದು ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ 2016ರಲ್ಲಿ ಹೇಳಿದರು. ಇರಬಹುದು. ಓರ್ಟಿಜ್ ಬರಬಾರದಿತ್ತು ಎಂಬುದು ನನ್ನ ಮಾತಲ್ಲ. ಆದರೆ ಓರ್ಟಿಜ್ ನಗುಮುಖದವರು, ಎಲ್ಲರಿಗೂ ಬೇಕಾದವರು. ಬಾಂಡ್ಸ್ ಪತ್ರಕರ್ತರನ್ನು ಕಂಡರೆ ಮುಖ ಸಿಂಡರಿಸುತ್ತಿದ್ದವರು. ಮತ ಹಾಕಿದವರು ಪತ್ರಕರ್ತರು. ಗೆರೆ ಎಳೆಯದೆ ಬಿಟ್ಟರೆ ಆಗುವುದು ಇದೇ. ನಡತೆ ಅಳೆಯಲು ಕೂತವರು ಸ್ವಭಾವ ಅಳೆದು ಎದ್ದುಹೋಗುತ್ತಾರೆ.

ಇನ್ನು ಹಳಬರನ್ನು ನೋಡಿದರೆ ಈ ನಡತೆಯ ಸಾಲು ಯಾವಾಗ ಎಚ್ಚರವಿರುತ್ತದೆ, ಯಾವಾಗ ನಿದ್ದೆ ಹೋಗುತ್ತದೆ ಎಂದೇ ಗೊತ್ತಾಗುವುದಿಲ್ಲ. ಕಪ್ಪು ಜನರ ಜೊತೆ ಆಡುವುದಿಲ್ಲ ಎಂದು ಹಟ ಹಿಡಿದ ಕ್ಯಾಪ್ ಆನ್ಸನ್ 1939ರಿಂದ ನಿಮ್ಮ ಗೋಡೆಯ ಮೇಲಿದ್ದಾರೆ. ಗೇಲಾರ್ಡ್ ಪೆರಿ ಚೆಂಡಿಗೆ ಉಗುಳು, ವ್ಯಾಸಲಿನ್ ಸವರಿ ಎಸೆಯುತ್ತಿದ್ದುದನ್ನು ತಾವೇ ಹೇಳಿಕೊಂಡವರು. ಅವರು 1991ರಲ್ಲಿ ಬಂದರು, ನಮ್ಮ ಜೈಂಟ್ಸ್ ಮೈದಾನದ ಹೊರಗೆ ಅವರ ಪ್ರತಿಮೆಯೂ ಇದೆ. ಪಡ್ ಗ್ಯಾಲ್ವಿನ್ ಕಥೆ ಎಲ್ಲಕ್ಕಿಂತ ಮಜಾ. 1889ರಲ್ಲಿ ಅವರು ಪ್ರಾಣಿಗಳ ವೃಷಣದ ರಸವನ್ನು ಮೈಗೆ ಚುಚ್ಚಿಸಿಕೊಂಡು ಪಂದ್ಯ ಗೆದ್ದರು, ಪತ್ರಿಕೆಗಳು ಹೊಗಳಿದವು. 1965ರಲ್ಲಿ ಅವರ ಫಲಕ ಏರಿತು. 1960, 70ರ ದಶಕದಲ್ಲಿ ಡ್ರೆಸಿಂಗ್ ರೂಮ್‌ಗಳಲ್ಲಿ ಓಡಾಡುತ್ತಿದ್ದ, ಚುರುಕು ಹೆಚ್ಚಿಸುವ ಆಂಫೆಟಮಿನ್ ಮಾತ್ರೆಗಳ ಸುದ್ದಿಯನ್ನಂತೂ ಎತ್ತುವುದೇ ಬೇಡ. ಅವಕ್ಕೆ ಪರೀಕ್ಷೆ ಶುರುವಾದದ್ದು 2006ರಲ್ಲಿ.

ನಿಯಮ ಬರೆಯುವುದು ನಿಮಗೆ ಬರುವುದಿಲ್ಲ ಎಂದೇನಿಲ್ಲ. 1989ರಲ್ಲಿ ಜೂಜಿನ ಕಾರಣಕ್ಕೆ ಪೀಟ್ ರೋಸ್ ಆಜೀವ ನಿಷೇಧಕ್ಕೆ ಒಳಗಾದರು. ಅವರ ಹೆಸರು ಮತಪತ್ರಕ್ಕೆ ಬರುವ ಮೊದಲೇ, 1991ರಲ್ಲಿ, ನಿಷೇಧದ ಪಟ್ಟಿಯಲ್ಲಿದ್ದವರು ಮತಪತ್ರದಲ್ಲಿ ಇರುವಂತಿಲ್ಲ ಎಂದು ಒಂದು ಸಾಲು ಬರೆದಿರಿ. ಸರಿಯೋ ತಪ್ಪೋ, ಸ್ಪಷ್ಟವಾಗಿತ್ತು. ಸ್ಟೀರಾಯ್ಡ್ ವಿಷಯದಲ್ಲಿ ಮಾತ್ರ 20 ವರ್ಷ ಸುಮ್ಮನಿದ್ದು, 2025ರಲ್ಲಿ ಹಿತ್ತಿಲ ಬಾಗಿಲಿನಿಂದ ಒಂದು ನಿಯಮ ತಂದಿರಿ. ಸಮಿತಿಯಲ್ಲಿ ಐದು ಮತ ಸಿಗದವರು ಮುಂದಿನ ಸರದಿಗೆ ಇಲ್ಲ. ಇನ್ನೊಂದು ಸಲ ಐದು ಮತ ಸಿಗದಿದ್ದರೆ ಮತ್ತೆಂದೂ ಇಲ್ಲ. ಹಾವು ಸಾಯಬೇಕು, ಕೋಲು ಮುರಿಯಬಾರದು. ಇದರಲ್ಲಿ ಸ್ಟೀರಾಯ್ಡ್ ಎಂಬ ಮಾತೇ ಇಲ್ಲ. ಆದರೆ ಬಾಂಡ್ಸ್, ಕ್ಲೆಮೆನ್ಸ್ 2028ರ ಪಟ್ಟಿಯಲ್ಲಿ ಇರುವಂತಿಲ್ಲ. ಮುಂದಿನ ಅವಕಾಶ 2031ರಲ್ಲಿ. ಆಗ ಬಾಂಡ್ಸ್‌ಗೆ 67, ಕ್ಲೆಮೆನ್ಸ್‌ಗೆ 69. ಆಗಲೂ ಐದು ಮತ ಸಿಗದಿದ್ದರೆ ಅದೇ ಕೊನೆ.

ಬೇರೆ ಕಡೆ ಹೇಗೆ ಮಾಡಿದ್ದಾರೆ ನೋಡಿ. ಶೇನ್ ವಾರ್ನ್ 2003ರ ವಿಶ್ವಕಪ್ ಹೊತ್ತಿನಲ್ಲಿ ನಿಷೇಧಿತ ಮಾತ್ರೆ ತಗೊಂಡು ಸಿಕ್ಕಿಬಿದ್ದರು. ಅದು ಸ್ಟೀರಾಯ್ಡ್ ಅಲ್ಲ, ಮೂತ್ರ ಹೆಚ್ಚಿಸುವ ಮಾತ್ರೆ. ಒಂದು ವರ್ಷ ನಿಷೇಧ. ವಾಪಸ್ ಬಂದು 708 ವಿಕೆಟ್‌ಗೆ ಮುಟ್ಟಿದರು. 2013ರಲ್ಲಿ ಐಸಿಸಿ ಹಾಲ್ ಆಫ್ ಫೇಮ್‌ಗೆ ಸೇರಿದರು. ಎರಡು ವರ್ಷದ ನಂತರ ನಮ್ಮ ಅನಿಲ್ ಕುಂಬ್ಳೆ ಅದೇ ಹಾಲ್‌ಗೆ ಬಂದಾಗ, ವಾರ್ನ್ ಜೊತೆ ಹೆಸರು ಹಂಚಿಕೊಂಡದ್ದಕ್ಕೆ ಬೆಂಗಳೂರಿನಲ್ಲಿ ಯಾರಿಗೂ ಕಸಿವಿಸಿ ಆಗಲಿಲ್ಲ. ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಅವರದ್ದು ಇನ್ನೂ ಹತ್ತಿರದ, ನೋವಿನ ಕಥೆ. 2010ರಲ್ಲಿ ಕಾಮನ್‌ವೆಲ್ತ್, ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ, 2011ರಲ್ಲಿ ಡೋಪ್ ಪರೀಕ್ಷೆಯಲ್ಲಿ ಸಿಕ್ಕಿದ್ದು. ಕೋಚ್ ಕೊಟ್ಟ ಜಿನ್‌ಸೆಂಗ್‌ನಿಂದ ಹೀಗಾಯಿತು ಎಂದು ಓಟಗಾರ್ತಿಯರು ಹೇಳಿದರು. ಒಂದು ವರ್ಷದ ನಿಷೇಧವನ್ನು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಎರಡು ವರ್ಷ ಮಾಡಿತು. ಕಠಿಣವೇ. ಆದರೆ ನಿಯಮ ಮೊದಲೇ ಇತ್ತು, ಪರೀಕ್ಷೆ ಇತ್ತು, ಅವರ ಮಾತನ್ನು ಕೇಳುವ ಜಾಗ ಇತ್ತು, ಶಿಕ್ಷೆಗೆ ಕೊನೆಯ ದಿನ ಇತ್ತು. ಮುಗಿದ ಮೇಲೆ ಅವರು ಮತ್ತೆ ಟ್ರ್ಯಾಕ್‌ಗೆ ಬಂದರು. ಬಾಂಡ್ಸ್‌ಗೆ ಇದರಲ್ಲಿ ಒಂದೂ ಸಿಕ್ಕಿಲ್ಲ. ಆಡುವಾಗ ಶಿಕ್ಷೆ ಇಲ್ಲ, ಆಟ ಬಿಟ್ಟ ಮೇಲೆ ಕೊನೆಯಿಲ್ಲದ ಶಿಕ್ಷೆ, ಅದೂ ಬಾಗಿಲು ಹಾಕಿಕೊಂಡು ಎಣಿಸಿದ ಮತದಿಂದ.

ಹಾಗಾಗಿ ನಾನು ಕೇಳುವುದು ಇದು. 2004ರಲ್ಲಿ ಗೆರೆ ಎಳೆಯಿರಿ. ಕಡ್ಡಾಯ ಪರೀಕ್ಷೆ ಬಂದ ಮೇಲೆ, ಗೊತ್ತಿದ್ದೂ ಸಿಕ್ಕಿಬಿದ್ದು ನಿಷೇಧಕ್ಕೆ ಒಳಗಾದವರು ಬೇರೆ. 2005ರ ಪಾಲ್ಮೇರೊ, ಎರಡು ಸಲ ಸಿಕ್ಕಿಬಿದ್ದ ಮ್ಯಾನಿ ರಾಮಿರೆಜ್, 2014ರ ಇಡೀ ಸೀಸನ್ ಹೊರಗೆ ಕೂತ ಅಲೆಕ್ಸ್ ರಾಡ್ರಿಗೆಜ್. ಅವರು ಬೇಡ ಎಂದು ನೀವು ಬರೆದರೆ ನಾನು ವಿರೋಧಿಸುವುದಿಲ್ಲ. ಬೇಡ ಎಂದಾದರೆ ಬೇಡ ಎಂದೇ ಬರೆಯಿರಿ, ಪತ್ರಕರ್ತರನ್ನು ಮುಂದೆ ಬಿಡಬೇಡಿ. ಅದಕ್ಕೆ ಮೊದಲಿನವರನ್ನು ಆಟದ ಮೇಲೆ ಅಳೆಯಿರಿ, ಮತ್ತು ಫಲಕದ ಮೇಲೆ ಇದ್ದದ್ದು ಇದ್ದ ಹಾಗೆ ಬರೆಯಿರಿ.

ಬಾಂಡ್ಸ್ ಫಲಕಕ್ಕೆ ಬೇಕಾದರೆ ಈಗಲೇ ಕೊಡುತ್ತೇನೆ: ‘762 ಹೋಮ್ ರನ್, ದಾಖಲೆ. ಏಳು ಸಲ ಅತ್ಯುತ್ತಮ ಆಟಗಾರ. ಎದುರಾಳಿಗಳು 688 ಸಲ ಬೇಕಂತಲೇ ಬೇಸ್ ಬಿಟ್ಟುಕೊಟ್ಟರು. ಬಾಲ್ಕೊ ಸ್ಟೀರಾಯ್ಡ್ ತನಿಖೆಯಲ್ಲಿ ಹೆಸರು ಬಂತು. ಲೀಗ್ ಪರೀಕ್ಷೆ ಇಲ್ಲದೆ ನಡೆದ ಕಾಲದಲ್ಲಿ ಆಡಿದರು.’ ಅಷ್ಟು ಸಾಕು. ಸೀಲಿಗ್ ಫಲಕಕ್ಕೂ ಆ ಕೊನೆಯ ಸಾಲಿನ ಅರ್ಧ ಸೇರಿಸಿ. ಫಲಕ ಬದಲಿಸುವುದು ಹೊಸದೇನಲ್ಲ. ಜ್ಯಾಕಿ ರಾಬಿನ್‌ಸನ್ ಅವರ 1962ರ ಫಲಕದಲ್ಲಿ ಅವರು ಕಪ್ಪು ಆಟಗಾರರಿಗೆ ಅಡ್ಡವಾಗಿದ್ದ ಗೋಡೆ ಒಡೆದ ವಿಷಯವೇ ಇರಲಿಲ್ಲ. 2008ರಲ್ಲಿ ಹೊಸದು ಮಾಡಿಸಿ ಅದನ್ನು ಬರೆಸಿದವರು ನೀವೇ.

ಕ್ಲಾರ್ಕ್ ಅವರೇ, ನಿಮ್ಮ ಮನೆತನದ ಸಂಪತ್ತು ಸಿಂಗರ್ ಹೊಲಿಗೆ ಮೆಷಿನ್‌ನಿಂದ ಬಂದದ್ದು ಅಂತ ಓದಿದಾಗ ನನಗೆ ಖುಷಿಯಾಯಿತು, ನಮ್ಮ ಕಡೆಯ ಎಷ್ಟು ಟೇಲರ್‌ಗಳು ಅದನ್ನೇ ತುಳಿದು ಸಂಸಾರ ನಡೆಸಿದ್ದಾರೆ! ನಿಮ್ಮ ತಾತ ಕಟ್ಟಿದ ಈ ಮ್ಯೂಸಿಯಂ ಕೂಪರ್ಸ್‌ಟೌನ್‌ನಲ್ಲಿ ಇರುವುದಕ್ಕೆ ಕಾರಣ ಒಂದು ಕಟ್ಟುಕಥೆ. 1839ರಲ್ಲಿ ಆಬ್ನರ್ ಡಬಲ್‌ಡೇ ಅಲ್ಲೇ ಬೇಸ್‌ಬಾಲ್ ಕಂಡುಹಿಡಿದ ಎಂಬುದು. ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ, ನೀವೂ ಅದನ್ನು ನಿಜ ಎಂದು ಹೇಳಿಕೊಂಡು ಕೂತಿಲ್ಲ. ಕಥೆ ಸುಳ್ಳು ಎಂದು ಗೊತ್ತಾದ ಮೇಲೂ ಮ್ಯೂಸಿಯಂ ಮುಚ್ಚಲಿಲ್ಲ, ನಿಜ ಹೇಳಿ ಮುಂದುವರಿದಿರಿ.

ಬಾಂಡ್ಸ್ 2007ರ ಆಗಸ್ಟ್ 7ರಂದು ಹ್ಯಾಂಕ್ ಆರನ್ ಅವರ 755ನ್ನು ದಾಟಿ 756ನೆಯದು ಹೊಡೆದ ಚೆಂಡು ನಿಮ್ಮ ಹತ್ತಿರವೇ ಇದೆ. ಅದನ್ನು ಹರಾಜಿನಲ್ಲಿ 7,52,467 ಡಾಲರ್ ಕೊಟ್ಟು ಕೊಂಡ ಉದ್ಯಮಿ ಮಾರ್ಕ್ ಎಕೊ ಜನರ ಮತ ಕೇಳಿ, ಅದರ ಮೇಲೆ ‘ಈ ದಾಖಲೆ ಅನುಮಾನದ್ದು’ ಎಂಬ ಅರ್ಥದ ನಕ್ಷತ್ರದ ಗುರುತು ಕೊರೆಸಿ ನಿಮಗೆ ಕಳಿಸಿದ. ನೀವು ತಗೊಂಡಿರಿ. ಚೆಂಡಿಗೆ ನಿಮ್ಮಲ್ಲಿ ಜಾಗ ಇದೆ, ಅದರ ಮೇಲಿನ ಕಳಂಕಕ್ಕೂ ಜಾಗ ಇದೆ, ಹೊಡೆದವರಿಗೆ ಮಾತ್ರ ಇಲ್ಲ.

2028ರ ಡಿಸೆಂಬರ್‌ನಲ್ಲಿ ಈ ಸಮಿತಿ ಮತ್ತೆ ಕೂರುತ್ತದೆ. ಅಷ್ಟರೊಳಗೆ ಆ ಐದು ಮತದ ನಿಯಮವನ್ನು ವಾಪಸ್ ತೆಗೆದುಕೊಳ್ಳಿ. ಆಮೇಲೆ ಸಮಿತಿಯ 16 ಜನರಿಗೆ ನಿಮ್ಮ ಗೆರೆ ಎಲ್ಲಿದೆ ಎಂದು ಬರೆದು ಕೊಡಿ, ಯಾರಿಗೆ ಎಷ್ಟು ಮತ ಬಿತ್ತು ಎಂಬುದನ್ನೂ ಪೂರ್ತಿ ಹೊರಗೆ ಹೇಳಿ. ಅದನ್ನೆಲ್ಲ ಮಾಡಿದ ಮೇಲೂ ಬಾಂಡ್ಸ್ ಸೋತರೆ ನಾನು ಇನ್ನೊಂದು ಪತ್ರ ಬರೆಯುವುದಿಲ್ಲ.

ಇಂತಿ,
ಬೇ ಏರಿಯಾದ ಒಬ್ಬ ಕನ್ನಡಿಗ, ಜೈಂಟ್ಸ್ ಅಭಿಮಾನಿ